ಮೂರನೆಯ ಸಾಲು

ಹದಿನೇಳನೇ ತಾರೀಕು, ಬುಧವಾರ. ಬೆಳಿಗ್ಗೆ 9.35ಕ್ಕೆ ಠಾಣೆಗೆ ಬಂದ ಯುವಕನ ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿಗಳಿದ್ದವು. ಒಂಬತ್ತು ಮಹಡಿಯ ವಸತಿ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ತುಂಡಾಗಿ ಅವನ ಅಕ್ಕ ಸತ್ತಿದ್ದಳು. ಐದನೇ ಮಹಡಿಯಲ್ಲಿ ಹೊಲಿಗೆ ಹಾಕಿಕೊಂಡು ತಮ್ಮನನ್ನು ಓದಿಸಿದವಳು. ಇನ್‌ಸ್ಪೆಕ್ಟರ್ ಅವನಿಗೆ ನೀರು ಕುಡಿಸಿ, ಹೇಳಿದ್ದನ್ನು ಬರೆದುಕೊಂಡು ಎಫ್‌ಐಆರ್ ದಾಖಲಿಸಿದರು.

ಸ್ಥಳ ಪಂಚನಾಮೆ ಮಧ್ಯಾಹ್ನದವರೆಗೆ ನಡೆಯಿತು. ಉಕ್ಕಿನ ಹಗ್ಗದ ಅರ್ಧಕ್ಕರ್ಧ ಎಳೆಗಳ ತುದಿಯಲ್ಲಿ ತುಕ್ಕು ಹಿಡಿದಿತ್ತು. ಅಂದರೆ ಅವು ಹರಿದು ಬಹಳ ದಿನವಾಗಿತ್ತು, ನೋಡಬೇಕಾದವರು ನೋಡಿರಲಿಲ್ಲ.

ನೋಡಬೇಕಾದವನು ಲಿಫ್ಟ್ ಕಂಪನಿಯ ಮೆಕ್ಯಾನಿಕ್. ಮೂರನೇ ತಾರೀಕು ತಪಾಸಣೆ ಮಾಡಿದ್ದ. ಹಗ್ಗದ ಎಳೆ ಹರಿದಿವೆ, ಲಿಫ್ಟ್ ನಿಲ್ಲಿಸಿ ಎಂದು ಮೊಬೈಲಿನಲ್ಲೇ ವರದಿ ಕಳಿಸಿದ್ದೇನೆ, ಅದರಲ್ಲಿ ಪ್ರತಿ ಉಳಿಯುವುದಿಲ್ಲ ಎಂದ. ಕಂಪನಿಯ ಮಾಲೀಕರು ಕೊಟ್ಟ ವರದಿಯ ಪ್ರತಿಯಲ್ಲಿ ಹಗ್ಗದ ಸುದ್ದಿಯೇ ಇರಲಿಲ್ಲ. ಮಾಲೀಕರು ತಪ್ಪನ್ನು ಅವನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಸಂಜೆ ನಾಲ್ಕಕ್ಕೆ ಅವನ ಬಂಧನವಾಯಿತು.

ಇನ್‌ಸ್ಪೆಕ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. ಸುಳ್ಳು ಹೇಳುವವರು ಪ್ರತಿ ಸಲವೂ ಒಂದಿಷ್ಟು ಉಪ್ಪುಖಾರ ಹಚ್ಚುತ್ತಾರೆ ಎಂಬುದನ್ನು ಹತ್ತೊಂಬತ್ತು ವರ್ಷದ ನೌಕರಿ ಆಕೆಗೆ ಕಲಿಸಿತ್ತು. ಈತ ಆರು ಸಲ ಕೇಳಿದರೂ ಅದೇ ಎರಡು ವಾಕ್ಯ ಹೇಳಿದ್ದ. ಮರುದಿನ ನಾಲ್ಕರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಅಷ್ಟರಲ್ಲಿ ಏನೂ ಸಿಗದಿದ್ದರೆ ನಿರಪರಾಧಿಯೊಬ್ಬ ಜೈಲು ಸೇರುತ್ತಿದ್ದ.

ಗುರುವಾರ 11.10ಕ್ಕೆ ಅವರು ಕಂಪನಿಯ ಕಚೇರಿಗೆ ಹೋದರು. ಜೊತೆಗೆ ಒಬ್ಬ ಕಾನ್‌ಸ್ಟೇಬಲ್. ಒಮ್ಮೆ ಠಾಣೆಯ ಪ್ರಿಂಟರ್ ರಿಪೇರಿ ಮಾಡಿದ ತಪ್ಪಿಗೆ ಅವನಿಗೆ 'ಕಂಪ್ಯೂಟರ್' ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಕಾಲೇಜಿನಲ್ಲಿ ಅವನು ಕಲಿತದ್ದೂ ಕಂಪ್ಯೂಟರನ್ನೇ ಎಂಬುದು ಯಾರಿಗೂ ನೆನಪಿರಲಿಲ್ಲ.

ಡೇಟಾಬೇಸ್ ನೋಡಿಕೊಳ್ಳುವ ಅಡ್ಮಿನ್ ಐವತ್ತು ದಾಟಿದವರು, ಮೆದು ಮಾತಿನವರು. ತಮ್ಮ ವ್ಯವಸ್ಥೆಯನ್ನು ತಾಳ್ಮೆಯಿಂದ ವಿವರಿಸಿದರು. ವರದಿ ಬರುವುದು ಎಕ್ಸ್‌ಎಂಎಲ್ ಕಡತವಾಗಿ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ: ಲಿಫ್ಟ್ ಎಂಬ ಟ್ಯಾಗಿನೊಳಗೆ ಭಾಗಗಳು, ಪ್ರತಿ ಭಾಗದೊಳಗೆ ಅದರ ಷರಾ. ಯಂತ್ರ ಅದನ್ನು ಬಿಡಿಸಿ ಕೋಷ್ಟಕದಲ್ಲಿ ಸಾಲು ಸಾಲಾಗಿ ಇಡುತ್ತದೆ. ಕೋಷ್ಟಕಕ್ಕೆ ಹಿಂದುಮುಂದು ತಿಳಿಯದ ಕಾರಣ, ಬಂದ ಕ್ಷಣದಲ್ಲೇ ಭಾಗಗಳಿಗೆ ಕ್ರಮಸಂಖ್ಯೆ ಹಾಕಿ, ಪ್ರತಿ ಸಾಲೂ ಯಾವ ಸಾಲಿನ ಒಳಗಿನದು ಎಂಬುದನ್ನೂ ಬರೆದಿಡುತ್ತದೆ. ಕೇಳಿದಾಗ ಮೇಲಿನಿಂದ ಕೆಳಕ್ಕೆ ಜೋಡಿಸಿ ವರದಿಯಾಗಿ ತೋರಿಸುತ್ತದೆ. ಮೂಲ ಕಡತವನ್ನು ವಾರದ ನಂತರ ಅಳಿಸಿಬಿಡುತ್ತಾರೆ.

ವರದಿ ಬೇಡ, ಸಾಲುಗಳನ್ನೇ ತೋರಿಸಿ ಎಂದರು ಇನ್‌ಸ್ಪೆಕ್ಟರ್. ಪರದೆಯ ಮೇಲೆ ಮೂರನೇ ತಾರೀಕಿನ ಭಾಗಗಳು ಬಂದವು. ಒಂದು, ಬಾಗಿಲು. ಎರಡು, ಮೋಟಾರು. ನಾಲ್ಕು, ಬ್ರೇಕು.

ಕಂಪ್ಯೂಟರ್ ಮುಂದಕ್ಕೆ ಬಾಗಿ ಅಡ್ಮಿನ್ ಅವರನ್ನು ಕೇಳಿದ. "ಹಗ್ಗ ನೋಡೇ ಇಲ್ಲ ಅಂದ್ರೆ ಬ್ರೇಕಿಗೆ ಮೂರು ಬರ್ಬೇಕಿತ್ತಲ್ವಾ ಸರ್? ನಾಲ್ಕು ಯಾಕೆ ಬಂತು?"

ಯಂತ್ರ ಒಮ್ಮೊಮ್ಮೆ ಹಾಗೆ ಮಾಡುತ್ತದೆ ಎಂದರು ಅಡ್ಮಿನ್. ಹಿಂದಿನ ಹನ್ನೆರಡು ತಿಂಗಳ ವರದಿಗಳನ್ನು ತೆಗೆಸಿದಾಗ ಎಲ್ಲದರಲ್ಲೂ ಮೂರು ಇತ್ತು, ಮೂರೆಂದರೆ ಹಗ್ಗವೇ ಆಗಿತ್ತು.

"ಮೇಲಿನ ಸಾಲೇ ಇಲ್ದೆ ಉಳ್ಕೊಂಡಿರೋ ಸಾಲುಗಳು ಯಾವ್ಯಾವು ಅಂತ ಕೇಳಿ" ಎಂದ ಕಾನ್‌ಸ್ಟೇಬಲ್.

"ಅಂಥದ್ದು ಇರಲ್ಲ."

"ಇಲ್ದೇ ಇದ್ರೆ ಒಳ್ಳೇದೇ. ಕೇಳಿ" ಎಂದರು ಇನ್‌ಸ್ಪೆಕ್ಟರ್.

ಅಡ್ಮಿನ್ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಕೊನೆಗೆ ಕಂಪ್ಯೂಟರ್ ಕುರ್ಚಿ ಎಳೆದುಕೊಂಡು, ಎರಡು ಸಲ ತಪ್ಪಾಗಿ ಬರೆದು, ಮೂರನೇ ಸಲ ಸರಿಯಾಗಿ ಬರೆದ. ಇಡೀ ಡೇಟಾಬೇಸಿನಿಂದ ಒಂದೇ ಒಂದು ಸಾಲು ಬಂತು. ಹಗ್ಗದ ಸಾಲನ್ನು ಅಳಿಸಿದವರು ಅದರೊಳಗಿನ ಷರಾವನ್ನು ಮರೆತಿದ್ದರು. ಮೇಲಿನದಕ್ಕೆ ಅಂಟಿಕೊಳ್ಳದೆ ಅದು ಯಾವ ವರದಿಯಲ್ಲೂ ಕಾಣದೆ ಬಿದ್ದಿತ್ತು: 'ಹಗ್ಗದ ಎಳೆ ಹರಿದಿವೆ. ಲಿಫ್ಟ್ ನಿಲ್ಲಿಸಿ.'

ಮೆಕ್ಯಾನಿಕ್ ಹೇಳಿದ್ದು ಅವೇ ಎರಡು ವಾಕ್ಯ. ಇನ್‌ಸ್ಪೆಕ್ಟರಿಗೆ ಅಳುವಷ್ಟು ನಿರಾಳವಾಯಿತು, ಹಿಂದೆಯೇ ಸಿಟ್ಟೂ ಬಂತು. ಯಾವಾಗ ಏನು ಬದಲಾಯಿತೆಂದು ದಾಖಲಿಸುವ ಲಾಗ್ ತೆಗೆಸಿದರು. ಅಳಿಸಿದ್ದು ನಾಲ್ಕನೇ ತಾರೀಕು ಬೆಳಿಗ್ಗೆ 9.20ಕ್ಕೆ. ಪಾಸ್‌ವರ್ಡ್ ಮೂವರಿಗೆ ಗೊತ್ತಿತ್ತು, ಹಾಜರಿಯ ಪ್ರಕಾರ ಆ ಹೊತ್ತಿಗೆ ಕಚೇರಿಯಲ್ಲಿದ್ದದ್ದು ಅಡ್ಮಿನ್ ಒಬ್ಬರೇ.

"ಆ ಲಿಫ್ಟ್ ನಿಂತ್ರೆ ನಿಮಗೇನು? ನಿಮ್ಮ ಮನೆ ಎಲ್ಲಿ?" ಎಂದರು ಇನ್‌ಸ್ಪೆಕ್ಟರ್.

ಅಡ್ಮಿನ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಅದೇ ಬಿಲ್ಡಿಂಗು ಮೇಡಂ. ಏಳನೇ ಮಹಡಿ."

ಉಳಿದದ್ದನ್ನು ಕೇಳುವ ಮೊದಲೇ ಅವರು ಹೇಳಿಕೊಂಡರು. ಹೆಂಡತಿಯ ಎರಡೂ ಕಿಡ್ನಿ ಹೋಗಿವೆ, ದಿನ ಬಿಟ್ಟು ದಿನ ಡಯಾಲಿಸಿಸ್. ಹೋದ ವರ್ಷ ಬಿಡಿಭಾಗ ಬರಲಿಲ್ಲವೆಂದು ಲಿಫ್ಟ್ ನಲವತ್ತೊಂದು ದಿನ ನಿಂತಿತ್ತು. ಕುರ್ಚಿಯಲ್ಲಿ ಕೂರಿಸಿ ಇಳಿಸಲು ಮೊದಲ ವಾರ ಅಕ್ಕಪಕ್ಕದವರೆಲ್ಲ ಬಂದರು, ಆಮೇಲೆ ಬೆಲ್ ಒತ್ತಿದರೂ ಬಾಗಿಲು ತೆಗೆಯಲಿಲ್ಲ. ಆಕೆ ಸತ್ತು ಬದುಕಿದರು. ಅವಧಿಯ ಲೆಕ್ಕದಲ್ಲಿ ತಿಂಗಳ ಕೊನೆಗೆ ಹೇಗೂ ಹೊಸ ಹಗ್ಗ ಬರುವುದಿತ್ತು, ಹಳೆಯದು ಅಲ್ಲಿಯವರೆಗೆ ತಡೆಯುತ್ತದೆಂದು ನಂಬಿದ್ದರು.

"ಕುರ್ಚಿ ಹಿಡಿಯೋಕೆ ಕೊನೇವರೆಗೂ ಬರ್ತಿದ್ದೋರು ಐದನೇ ಮಹಡಿ ಅಕ್ಕ-ತಮ್ಮ ಇಬ್ರೇ" ಎಂದರು.

ಮಧ್ಯಾಹ್ನ 1.40ಕ್ಕೆ ಬಂಧನವಾಯಿತು. ಮೂರೂಕಾಲಿಗೆ ಮ್ಯಾಜಿಸ್ಟ್ರೇಟರಿಗೆ ವರದಿ ಸಲ್ಲಿಸಿ ಮೆಕ್ಯಾನಿಕ್‌ನನ್ನು ಬಿಡಿಸಿದರು.

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕೆಂಬುದು ನಿಯಮ. ಇನ್‌ಸ್ಪೆಕ್ಟರ್ ಏಳು ಮಹಡಿ ಹತ್ತಿ ಅಡ್ಮಿನ್ ಹೆಂಡತಿಗೆ ತಾವೇ ತಿಳಿಸಿದರು. ಆಕೆ ಅಳಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡರು.

"ಹದಿನೈದು ದಿನದಿಂದ ಲಿಫ್ಟಿಗೆ ಹೋಗ್ತಿದ್ದ ಹಾಗೇ ಕೈ ಹಿಡ್ಕೊಳ್ಳೋರು. ಕೆಳಗೆ ಇಳಿಯೋವರೆಗೂ ಬಿಡ್ತಿರ್ಲಿಲ್ಲ. ಮದುವೆಯಾದ ಹೊಸದ್ರಲ್ಲೂ ಹಾಗೆ ಹಿಡಿದೋರಲ್ಲ. ನಾನು ಪ್ರೀತಿ ಅಂದ್ಕೊಂಡಿದ್ದೆ ಮೇಡಂ."

ಅದು ಪ್ರೀತಿಯೂ ಹೌದು ಎಂದು ಹೇಳಬೇಕೆನಿಸಿತು ಇನ್‌ಸ್ಪೆಕ್ಟರಿಗೆ. ಆಕೆಯ ಹೇಳಿಕೆಯನ್ನು ಬರೆದುಕೊಂಡು, ಓದಿ ಹೇಳಿ, ನಾಳೆ ಆಸ್ಪತ್ರೆಗೆ ಕುರ್ಚಿ ಇಳಿಸಲು ಎಷ್ಟು ಗಂಟೆಗೆ ಬರಲಿ ಎಂದು ಕೇಳಿದರು.