ಮಧ್ಯದ ಸೀಟು

ನವೆಂಬರ್ ಹದಿನಾಲ್ಕು, ಗುರುವಾರ ಸಂಜೆ ಐದು ನಲವತ್ತಕ್ಕೆ ಅಯೋವಾದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಶೆರಿಫ್ ಪೊಲೀಸ್ ಕಚೇರಿಗೆ ದೂರು ಬಂತು. ಫೋನಿನಲ್ಲಿದ್ದವಳು ಶೆಲ್ಬಿ ಎಂಗೆನ್, ಊರಿನ ಜೋಳದ ಗೋದಾಮಿನಲ್ಲಿ ಲಾರಿಗಳ ತೂಕ ನೋಡುವ ಕೆಲಸದವಳು. ಹದಿಮೂರು ವರ್ಷದ ಮಗ ಬ್ರಾಡಿ ಶಾಲೆಯಿಂದ ಮನೆಗೆ ಬಂದಿಲ್ಲ. ಅವನು ಬಸ್ಸು ಹತ್ತಲೇ ಇಲ್ಲ ಎಂದು ಚಾಲಕ ಹೇಳುತ್ತಾನೆ.

"ಗೆಳೆಯರ ಮನೆ?" ಎಂದು ಕೇಳಿದಳು ತನಿಖಾಧಿಕಾರಿ ಆರ್ಡಿಸ್ ಮೋಲಿಂಗ್.

"ಎಲ್ಲರ ಮನೆಗೂ ಫೋನ್ ಮಾಡಿದ್ದಾಯ್ತು. ಐದೂಕಾಲಿಗೆ ಕೋಚ್‌ಗೂ ಮಾಡಿದೆ. ಇವತ್ತು ಕುಸ್ತಿ ಅಭ್ಯಾಸ ಇರಲಿಲ್ಲ, ನಂಗೆ ಗೊತ್ತಿಲ್ಲ ಅಂದ್ರು."

"ಮನೇಲಿ ಜಗಳ ಏನಾದ್ರೂ?"

"ಇರೋದೇ ಇಬ್ರು. ಜಗಳ ಆಡಿದ್ರೂ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರ್ತಾನೆ, ಹೊಟ್ಟೆಬಾಕ. ದಯವಿಟ್ಟು ಬೇಗ ಹೊರಡಿ."

ಕಾಣೆಯಾದ ಹುಡುಗರು ಆ ಕೌಂಟಿಯಲ್ಲಿ ಹೆಚ್ಚಾಗಿ ಯಾರದೋ ನೆಲಮಾಳಿಗೆಯಲ್ಲಿ ವಿಡಿಯೋ ಗೇಮ್ ಆಡುತ್ತ ಸಿಗುವವರೇ. ಸಿಕ್ಕ ಮೇಲೆ ತಾಯಂದಿರ ಕೈಲಿ ಬೈಸಿಕೊಳ್ಳುವುದು ಪೊಲೀಸರು, ಇಷ್ಟು ತಡವೇಕೆ ಎಂದು. ಆದರೆ ಹೊರಗೆ ಕತ್ತಲಾಗಿತ್ತು, ಬಕೆಟ್ಟಿನ ನೀರು ಗಟ್ಟಿಯಾಗುವಷ್ಟು ಚಳಿ ಇತ್ತು. ಆರ್ಡಿಸ್ ಕೋಟು ತೊಟ್ಟಳು.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಅಗ್ನಿಶಾಮಕದ ಸ್ವಯಂಸೇವಕರು, ಚರ್ಚಿನವರು, ಶಾಲೆಯ ಮೇಷ್ಟ್ರುಗಳು, ನಲವತ್ತು ಜನ ಬ್ಯಾಟರಿ ಹಿಡಿದು ಬಸ್ಸಿನ ದಾರಿಯನ್ನೂ ಹೊಳೆಯ ದಂಡೆಯನ್ನೂ ಜಾಲಾಡಿದರು. ಏಳು ಗಂಟೆ ಸುಮಾರಿಗೆ ಹುಡುಗ ಸಿಕ್ಕಿದ. ಹೊಳೆಯ ಹತ್ತಿರವಲ್ಲ. ಅದಕ್ಕೆ ಪೂರಾ ಉಲ್ಟಾ ದಿಕ್ಕಿನಲ್ಲಿ, ಜೋಳ ಕೊಯ್ದ ಕೂಳೆ ಹೊಲದ ನಡುವೆ, ಗಾಳಿಗೆ ಅಡ್ಡವಾಗಿ ನೆಟ್ಟ ಮರಗಳ ಬುಡದಲ್ಲಿ ಮಂಡಿ ಎದೆಗೊತ್ತಿಕೊಂಡು ಬಿದ್ದಿದ್ದ. ಶಾಲೆಯ ಚೀಲ ಬೆನ್ನಿಗೇ ಇತ್ತು. ಮೈ ತಣ್ಣಗಾಗಿತ್ತು. ಅಲ್ಲಿಂದ ಅವನ ಮನೆಯ ಅಂಗಳದ ದೀಪ ಕಾಣುತ್ತಿತ್ತು.

ಕಂಡುಹಿಡಿದವನು ಗೇಲನ್ ರಾಡ್ಮೇಕರ್. ಹಗಲು ಹೈನುಗಾರ, ಸಂಜೆ ಶಾಲೆಯ ಕುಸ್ತಿ ಕೋಚ್. ಎತ್ತಿನಂಥ ಆಳು. ತನ್ನ ಕೋಟನ್ನು ಹುಡುಗನಿಗೆ ಹೊದಿಸಿ, ಅಂಗಿಯಲ್ಲೇ ನಡುಗುತ್ತ ನಿಂತಿದ್ದ. ಆರ್ಡಿಸ್‌ಗೆ ಅವನು ಚಿಕ್ಕಂದಿನಿಂದ ಗೊತ್ತು, ಅವಳ ಅಣ್ಣನ ಜೊತೆ ಅಖಾಡಕ್ಕಿಳಿದವನು.

"ಈ ಕಡೆ ಯಾಕೆ ಬಂದೆ ಗೇಲನ್? ಎಲ್ಲರೂ ಹೊಳೆ ಹತ್ತಿರ ಇದ್ರಲ್ಲ?"

"ಸುಮ್ನೆ," ಎಂದ. "ಮನಸ್ಸಿಗೆ ಹಾಗನ್ನಿಸ್ತು."

ಮನಸ್ಸಿಗೆ ಅನ್ನಿಸಿದ್ದನ್ನು ಮಹಜರಿನಲ್ಲಿ ಬರೆಯಲು ಬರುವುದಿಲ್ಲ. ಸ್ಥಳ, ದೇಹದ ಭಂಗಿ, ಬಂದ ಹೆಜ್ಜೆಗಳು ಇಷ್ಟನ್ನೇ ಬರೆಸಿದಳು. ಹೆಪ್ಪುಗಟ್ಟಿದ ಮಣ್ಣಿನಲ್ಲಿ ಹೆಚ್ಚೇನೂ ಮೂಡಿರಲಿಲ್ಲ. ಆದರೂ ಹುಡುಗ ಎರಡು ಕಡೆ ಕೂತು ಎದ್ದ ಗುರುತಿತ್ತು. ಒಂದು ಕಡೆ ವಾಂತಿ ಮಾಡಿದ್ದ. ಆ ಜಾಡು ಹಿಂದಕ್ಕೆ ಹೋಗಿ ಜಲ್ಲಿ ರಸ್ತೆ ಸೇರುತ್ತಿತ್ತು.

"ಮಧ್ಯಾಹ್ನ ಈ ರಸ್ತೇಲಿ ಏನಾದ್ರೂ ನಡೀತಾ?" ಎಂದು ಡೆಪ್ಯುಟಿ ವೇಡ್‌ನನ್ನು ಕೇಳಿದಳು. ಇಲಾಖೆಗೆ ಸೇರಿ ಎರಡು ವರ್ಷವಾದ ಹುಡುಗ.

"ಏನಿಲ್ಲ. ಕೋಚ್ ಮಗಳು ಕೆಂಡ್ರಾ ಪಿಕಪ್‌ನ ಚರಂಡಿಗೆ ಇಳಿಸಿದ್ಲು, ಮೂರೂವರೆ ಸುಮಾರಿಗೆ. ಅಂಚೆಯವಳು ನೋಡಿ ನಮಗೆ ಫೋನ್ ಮಾಡಿದ್ಲು. ನಾನು ಹೋಗೋ ಹೊತ್ತಿಗೆ ಕೋಚ್ ಟ್ರ್ಯಾಕ್ಟರ್ ತಂದು ಎಳೀತಿದ್ರು. ಗಾಡೀಲಿ ಇಬ್ರು ಹುಡುಗೀರು, ಕೆಂಡ್ರಾ ಮತ್ತೆ ಅವಳ ಗೆಳತಿ ಮಾಲರಿ. ಯಾರಿಗೂ ಏನೂ ಆಗಿಲ್ಲ ಅಂದ್ರು."

"ಇಬ್ರೇನಾ?"

ವೇಡ್ ಹೊಲದ ಜಾಡಿನ ಕಡೆ ತಿರುಗಿ ನೋಡಿದ. "ನಾನು ನೋಡಿದಾಗ ಇಬ್ರೇ."

ಅಯೋವಾದ ಆ ಸೀಮೆಯಲ್ಲಿ ಮಕ್ಕಳು ಸೈಕಲ್ಲಿಗಿಂತ ಮೊದಲು ಟ್ರ್ಯಾಕ್ಟರ್ ಓಡಿಸುತ್ತಾರೆ. ಲೈಸೆನ್ಸು ಮಾತ್ರ ಕಂತಿನಲ್ಲಿ ಸಿಗುತ್ತದೆ. ಹದಿನೈದು ವರ್ಷದ ಕೆಂಡ್ರಾಳದು ಶಾಲೆಯ ಲೈಸೆನ್ಸು: ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ, ನೆಟ್ಟಗಿನ ದಾರಿಯಲ್ಲಿ. ಒಡಹುಟ್ಟಿದವರು ಎಷ್ಟು ಜನ ಕೂತರೂ ಸರಿ, ಹೊರಗಿನ ಮಗು ಒಂದೇ. ಮಕ್ಕಳು ಗುಂಪು ಕೂಡಿದರೆ ಗಾಡಿ ಹುಚ್ಚೆದ್ದು ಓಡುತ್ತದೆ ಎಂಬ ಲೆಕ್ಕದಲ್ಲಿ ಮಾಡಿದ ಕಾನೂನು. ಅದರಲ್ಲಿ ತಪ್ಪೇನೂ ಇಲ್ಲ. ರಸ್ತೆಯ ಮೇಲೆ ಬಿದ್ದ ಹರೆಯದ ಹೆಣಗಳನ್ನು ಆರ್ಡಿಸ್ ಬೇಕಾದಷ್ಟು ಎತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಶವಪರೀಕ್ಷೆ. ವೈದ್ಯ ಮುದುಕ, ಮಾತು ಕಮ್ಮಿ. ಬಟ್ಟೆ ಸರಿಸಿ ಹುಡುಗನ ಹೊಟ್ಟೆ ತೋರಿಸಿದ. ಹೊಕ್ಕುಳ ಕೆಳಗೆ ಅಡ್ಡಕ್ಕೆ, ಅಂಗೈ ಅಗಲಕ್ಕಿಂತ ತುಸು ಕಮ್ಮಿ, ಕಪ್ಪಗೆ ಕಂದಿದ ಪಟ್ಟಿ.

"ಸೀಟ್ ಬೆಲ್ಟು," ಎಂದಳು ಆರ್ಡಿಸ್.

"ಹೂಂ. ಒಳಗೆ ರಕ್ತನಾಳ ಹರಿದಿದೆ. ಒಂದೇ ಸಲಕ್ಕೆ ಅಲ್ಲ, ಸೋರ್ತಾ ಸೋರ್ತಾ ಹೋಗಿದೆ. ಮೊದಲು ಬರೀ ಹೊಟ್ಟೆನೋವು, ಆಮೇಲೆ ತಲೆಸುತ್ತು. ಕೂರಬೇಕು ಅನ್ಸತ್ತೆ. ಕೂತ್ರೆ ಏಳಕ್ಕಾಗಲ್ಲ."

"ಭುಜದ ಮೇಲೆ ಗುರುತಿಲ್ಲ?"

"ಇಲ್ಲ. ಸೊಂಟಕ್ಕೆ ಮಾತ್ರ ಕಟ್ಟೋ ಹಳೇ ಬೆಲ್ಟು."

"ಆಸ್ಪತ್ರೆಗೆ ತಂದಿದ್ರೆ?"

ವೈದ್ಯ ಕೈಗವಸು ಕಳಚಿದ. "ನಾಲ್ಕು ಗಂಟೆಗೆ ತಂದಿದ್ರೆ ಇವತ್ತು ಹಾಸಿಗೇಲಿ ಕೂತು ಐಸ್‌ಕ್ರೀಮ್ ಕೇಳ್ತಿದ್ದ. ಐದೂವರೆಗೆ ತಂದಿದ್ರೂ ನಾನು ಆಸೆ ಬಿಡ್ತಿರಲಿಲ್ಲ."

ಆರ್ಡಿಸ್ ಹೊರಗೆ ಬಂದು ಗಾಡಿಯಲ್ಲಿ ಕೂತಳು. ದೂರಿನ ಟಿಪ್ಪಣಿ ತೆರೆದಳು. ಐದೂಕಾಲಿಗೆ ಶೆಲ್ಬಿ ಕೋಚ್‌ಗೆ ಫೋನ್ ಮಾಡಿದ್ದಳು.

ಮಧ್ಯಾಹ್ನ ಆರ್ಡಿಸ್ ಮತ್ತು ವೇಡ್ ನ್ಯಾಯಾಧೀಶರಿಂದ ತಪಾಸಣೆಯ ಆದೇಶ ಪಡೆದು ರಾಡ್ಮೇಕರ್ ಕೊಟ್ಟಿಗೆಗೆ ಹೋದರು. ಪಿಕಪ್ಪು ಹಳೆಯದು. ಮುಂದೆ ಉದ್ದನೆಯ ಒಂದೇ ಸೀಟು, ಅದರಲ್ಲಿ ಮೂವರಿಗೆ ಜಾಗ. ಆಚೆ ಈಚೆ ಭುಜದ ಬೆಲ್ಟು, ನಡುವಿನವರಿಗೆ ಸೊಂಟದ್ದು ಮಾತ್ರ. ಇಂಥ ಗಾಡಿಗಳಲ್ಲಿ ನಡುವಿನ ಬೆಲ್ಟು ಸೀಟಿನ ಸಂದಿಯಲ್ಲಿ ಹೊಟ್ಟು, ಸ್ಪ್ಯಾನರು, ಚಿಪ್ಸಿನ ಪೊಟ್ಟಣಗಳ ಜೊತೆ ಹೂತುಹೋಗಿರುತ್ತದೆ. ಯಾರೂ ತೆಗೆಯುವುದಿಲ್ಲ. ಇಲ್ಲಿ ಎಳೆದು ಹೊರಗೆ ಹಾಕಿತ್ತು, ಸಣ್ಣ ಸೊಂಟಕ್ಕೆ ಬಿಗಿ ಮಾಡಿದ ಹಾಗೇ ಇತ್ತು. ನೇಯ್ಗೆಯಲ್ಲಿ ಬ್ರಾಡಿಯ ಜಾಕೆಟ್ಟಿನ ಕೆಂಪು ಎಳೆ ಸಿಕ್ಕಿಕೊಂಡಿತ್ತು. ಫೋಟೋ ತೆಗೆದು, ಬೆಲ್ಟನ್ನು ಕತ್ತರಿಸಿ ಚೀಲಕ್ಕೆ ಹಾಕಿ ಮೊಹರು ಮಾಡಿದರು. ವೇಡ್ ಚೀಲದ ಮೇಲೆ ತಾರೀಕು ಬರೆದ.

"ನಾನು ಗಾಡಿಯೊಳಗೆ ಇಣುಕಿ ನೋಡಿದ್ರೆ ಸಾಕಿತ್ತು," ಎಂದ. "ಮೂವರು ಕೂತಿದ್ದು ಗೊತ್ತಾಗಿದ್ರೂ ನಾನೇನು ನೇಣಿಗೆ ಹಾಕ್ತಿದ್ನಾ? ಎಚ್ಚರಿಕೆ ಕೊಟ್ಟು ಬಿಡ್ತಿದ್ದೆ."

"ಅದು ಅವರಿಗೆ ಗೊತ್ತಿರಲಿಲ್ಲ," ಎಂದಳು ಆರ್ಡಿಸ್.

ಮೂರು ಗಂಟೆಗೆ ಮಾಲರಿ ತಾಯಿಯ ಜೊತೆ ಕಚೇರಿಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ನಡುವೆ ಯಾರು ಕೂತಿದ್ರು, ಮರಿ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ, "ಹೇಳು," ಎಂದಳು.

"ಬ್ರಾಡಿ. ಬಸ್ ತಪ್ಪಿಸ್ಕೊಂಡಿದ್ದ. ಮನೆಗೆ ಬಿಡ್ತೀರಾ ಅಂತ ಕೇಳ್ದ. ಇಬ್ರನ್ನ ಕೂರಿಸ್ಕೊಳ್ಳೋ ಹಾಗಿಲ್ಲ ಕಣೋ ಅಂದ್ಲು ಕೆಂಡ್ರಾ. ಯಾರಾದ್ರೂ ಕೇಳಿದ್ರೆ ತಮ್ಮ ಅಂತ ಹೇಳು, ಮೂಗು ನಿಂದೇ ಥರ ದಪ್ಪ ಇದೆ ಅಂದ ಅವ್ನು." ಮಾಲರಿಗೆ ನಗು ಬಂದು, ಅದು ಅಳುವಾಯಿತು. "ಜೋರಾಗೇನೂ ಹೋಗ್ತಿರಲಿಲ್ಲ. ತಿರುವಲ್ಲಿ ಜಲ್ಲಿ ಜಾರ್ತು. ಮೋರಿಗೆ ಹೊಡೀತು."

"ಮೊದಲು ಯಾರಿಗೆ ಫೋನ್ ಮಾಡಿದ್ರಿ?"

"ಕೋಚ್‌ಗೆ." ಬೇರೆ ಯಾರಿಗೆ ಮಾಡುತ್ತಾರೆ ಎಂಬಂತಿತ್ತು ಹುಡುಗಿಯ ದನಿ. ಆ ಊರಿನಲ್ಲಿ ಆಂಬುಲೆನ್ಸಿಗಿಂತ ಮೊದಲು ಅಪ್ಪನಿಗೇ ಫೋನು ಹೋಗುವುದು.

"ಅವರು ಬಂದು ಏನಂದ್ರು?"

"ಪೊಲೀಸ್ ಬರ್ತಿದಾರೆ, ಬ್ರಾಡಿ ನೀನು ಹೊಲದ ಮೇಲೆ ಮನೆಗೆ ಹೋಗು ಅಂದ್ರು. ಅವ್ನು ಹೊಟ್ಟೆ ನೋಯ್ತಿದೆ ಕೋಚ್ ಅಂದ. ಉಸಿರು ಕಟ್ಟಿದೆ ಅಷ್ಟೆ, ನಡೀತಾ ನಡೀತಾ ಸರಿಹೋಗತ್ತೆ, ನಡಿ ಅಂದ್ರು. ಅಭ್ಯಾಸದಲ್ಲಿ ಬಿದ್ದಾಗಲೂ ಎಲ್ರಿಗೂ ಹಾಗೇ ಹೇಳ್ತಾರೆ." ಮೂಗು ಒರೆಸಿಕೊಂಡಳು. "ಅವ್ನು ಸರಿ ಕೋಚ್ ಅಂತ ಹೊರಟ."

ಸಂಜೆ ನಾಲ್ಕೂವರೆಗೆ ಆರ್ಡಿಸ್ ಮತ್ತು ವೇಡ್ ಹೋದಾಗ ಗೇಲನ್ ಹಾಲು ಕರೆಯುವ ಮನೆಯಲ್ಲಿದ್ದ. ಎರಡೂ ಬದಿ ಸಾಲಾಗಿ ಹಸುಗಳು, ನಡುವಿನ ತಗ್ಗಿನಲ್ಲಿ ಅವನು. ಯಂತ್ರಗಳು ಒಂದೇ ಸಮನೆ ಉಸಿರಾಡುತ್ತಿದ್ದವು. ಇವರನ್ನು ಕಂಡು ಅವನು ತಲೆ ಎತ್ತಿದ.

"ಈ ಸಾಲು ಮುಗಿಸ್ಲಾ?"

"ಮುಗಿಸು," ಎಂದಳು ಆರ್ಡಿಸ್. ಅವನು ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು, ಆಡಿದ್ದೆಲ್ಲ ಅವನ ವಿರುದ್ಧ ಬರಬಹುದು ಎಂಬುದನ್ನು ಒಂದೊಂದಾಗಿ ಹೇಳಿದಳು. ಗೇಲನ್ ಹಸುವಿನ ಕೆಚ್ಚಲು ಒರೆಸುತ್ತಲೇ ತಲೆಯಾಡಿಸಿದ.

"ವಕೀಲ ಏನು ಮಾಡ್ತಾನೆ. ಕೇಳು."

"ಹುಡುಗನ್ನ ಯಾಕೆ ಕಳಿಸಿದೆ?"

"ನನ್ನ ಹೆಂಡ್ತಿ ಜೋಲೀನ್‌ಗೆ ಲಕ್ವ ಹೊಡೆದಿದ್ದು ಗೊತ್ತಲ್ಲ ನಿಂಗೆ? ಅರ್ಧ ಕಣ್ಣು ಕಾಣಲ್ಲ. ಅವಳ ಲೈಸೆನ್ಸ್ ಕಿತ್ಕೊಂಡ್ರು. ವಾರಕ್ಕೆ ಮೂರು ದಿನ ಪಟ್ಟಣಕ್ಕೆ ಕರ್ಕೊಂಡು ಹೋಗ್ಬೇಕು, ವ್ಯಾಯಾಮ ಮಾಡಿಸೋಕೆ. ನಾನು ಇವುಗಳನ್ನ ಬಿಟ್ಟು ಹೋಗೋ ಹಾಗಿಲ್ಲ. ಕೆಂಡ್ರಾ ಕರ್ಕೊಂಡು ಹೋಗ್ತಿದ್ಲು."

"ಶಾಲೆ ಲೈಸೆನ್ಸಲ್ಲಿ."

"ಶಾಲೆ ಲೈಸೆನ್ಸಲ್ಲೇ. ಸೆಪ್ಟೆಂಬರಲ್ಲಿ ಒಂದು ಸಲ ವೇಗಕ್ಕೆ ಸಿಕ್ಕಿಬಿದ್ಲು. ಇನ್ನೊಂದು ತಪ್ಪಾದ್ರೆ ರದ್ದು ಅಂದಿದ್ರು. ಗಾಡೀಲಿ ಮೂವರನ್ನ ನೋಡಿ ನನ್ನ ತಲೇಲಿ ಬಂದಿದ್ದು ಅದೊಂದೇ." ಅವನ ಕೈ ನಿಂತಿತು. "ಅವ್ನು ನಿಂತಿದ್ದ, ಆರ್ಡಿಸ್. ನಿಂತು ಮಾತಾಡ್ತಿದ್ದ. ರಕ್ತ ಇಲ್ಲ ಏನಿಲ್ಲ. ಮನೆ ಕಾಣ್ತಿತ್ತು ಅಲ್ಲಿಂದ."

"ಶೆಲ್ಬಿ ಫೋನ್ ಮಾಡಿದಾಗ?"

"ಆಗ ಗೊತ್ತಾಯ್ತು, ಅವ್ನು ಮನೆ ಮುಟ್ಟಿಲ್ಲ ಅಂತ. ಫೋನಿಟ್ಟು ಬ್ಯಾಟರಿ ತಗೊಂಡು ಓಡಿದೆ. ಆ ಹೊಲ ಪೂರ್ತಿ ಹುಡುಕಿದೆ. ಎರಡು ಸಲ ಹುಡುಕಿದೆ. ಮರದ ಬುಡದಲ್ಲಿರ್ತಾನೆ ಅಂತ ಹೊಳೀಲೇ ಇಲ್ಲ."

"ಒಬ್ಬನೇ ಹುಡುಕಿದೆ."

"ಒಬ್ನೇ."

"ನಲವತ್ತು ಜನ ಇದ್ರು, ಗೇಲನ್. ನೀನು ಒಂದು ಮಾತು ಹೇಳಿದ್ರೆ ಹತ್ತು ನಿಮಿಷಕ್ಕೆ ಸಿಗ್ತಿದ್ದ. ಎಲ್ಲರನ್ನೂ ಹೊಳೆ ದಂಡೇಲಿ ಬಿಟ್ಟೆ."

ಗೇಲನ್ ಹಸುವಿನ ಪಕ್ಕೆಗೆ ಹಣೆ ಒತ್ತಿ ನಿಂತ. ಅತ್ತದ್ದು ಯಂತ್ರಗಳ ಸದ್ದಿನಲ್ಲಿ ಕೇಳಿಸಲಿಲ್ಲ, ಬೆನ್ನು ಅಲ್ಲಾಡಿದ್ದು ಕಂಡಿತು. ಆರ್ಡಿಸ್‌ಗೆ ಅವನ ಮೇಲೆ ಕನಿಕರವೂ ಬಂತು, ಹಿಡಿದು ಬಾರಿಸಬೇಕೆನ್ನುವಷ್ಟು ಸಿಟ್ಟೂ ಬಂತು. ಎರಡರಲ್ಲಿ ಯಾವುದೂ ಕಮ್ಮಿಯಾಗಲಿಲ್ಲ.

ಐದು ಹತ್ತಕ್ಕೆ ಬಂಧನ. ಮಗುವನ್ನು ಅಪಾಯಕ್ಕೆ ದೂಡಿ ಸಾವಿಗೆ ಕಾರಣನಾದ ಆರೋಪ, ಪೊಲೀಸರಿಗೆ ಸುಳ್ಳು ಹೇಳಿದ ಆರೋಪ. ಅಂಗಳಕ್ಕೆ ತಂದಾಗ ಮನೆಯೊಳಗಿಂದ ಕೆಂಡ್ರಾ ಬರಿಗಾಲಲ್ಲಿ ಓಡಿಬಂದಳು.

"ಓಡಿಸಿದ್ದು ನಾನು! ನನ್ನನ್ನ ಹಿಡ್ಕೊಂಡು ಹೋಗಿ, ಅಪ್ಪನ್ನ ಬಿಡಿ!"

"ಒಳಗೆ ಹೋಗು ಮಗಳೇ, ಕಾಲು ಕೊರೆಯತ್ತೆ," ಎಂದ ಗೇಲನ್. "ಇನ್ನೂ ಒಂದು ಸಾಲು ಬಾಕಿ ಇದೆ. ಕಪ್ಪು ಹಸು ಒದೆಯತ್ತೆ, ಹುಷಾರು."

ಅವಳ ತಾಯಿ ಜೋಲೀನ್ ಬಾಗಿಲ ಚೌಕಟ್ಟು ಹಿಡಿದು, ಯಾರು ಎಲ್ಲಿದ್ದಾರೆಂದು ತಲೆ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದಳು. ಕೆಂಡ್ರಾಳ ಲೈಸೆನ್ಸನ್ನು ವೇಡ್ ಅಲ್ಲೇ ವಶಕ್ಕೆ ಪಡೆದ.

ಕೈದಿಯನ್ನು ಲಾಕಪ್ಪಿನಲ್ಲಿ ಕೂರಿಸಿ ಆರ್ಡಿಸ್ ಶೆಲ್ಬಿಯ ಮನೆಗೆ ಹೋದಳು. ಅಡುಗೆಮನೆಯ ತುಂಬ ನೆರೆಹೊರೆಯವರು ತಂದಿಟ್ಟ ಊಟದ ತಟ್ಟೆಗಳು, ಒಂದನ್ನೂ ಯಾರೂ ಮುಟ್ಟಿರಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳಿದಳು. 

"ನೋಯ್ತಿದೆ ಅಂತ ಹೇಳಿದ್ನಾ ಅವ್ನು?"

ಸುಳ್ಳು ಹೇಳಬಹುದಿತ್ತು. ಆದರೆ ನ್ಯಾಯಾಲಯದಲ್ಲಿ ಹೇಗೂ ಇವಳು ಕೇಳಿಸಿಕೊಳ್ಳಬೇಕು. "ಹೇಳಿದ. ಒಂದು ಸಲ."

"ಎರಡನೇ ಸಲ ಹೇಳಲ್ಲ," ಎಂದಳು ಶೆಲ್ಬಿ. "ಕುಸ್ತಿಗೆ ಸೇರಿದ ಮೇಲೆ ಹಾಗಾಗಿದ್ದ. ಹೋದ ಚಳಿಗಾಲ ಬೆರಳು ಮುರ್ಕೊಂಡು ಎರಡು ದಿನ ಬಾಯಿ ಬಿಡಲಿಲ್ಲ." ಮೇಜಿನ ಮೇಲಿನ ತಟ್ಟೆಯೊಂದನ್ನು ಸುಮ್ಮನೆ ಅತ್ತ ಸರಿಸಿದಳು. "ನನ್ನ ಮಗ ಎಷ್ಟು ಗಟ್ಟಿ ನೋಡಿ ಅಂತ ಗೋದಾಮಿಗೆ ಬಂದ ಎಲ್ಲರ ಹತ್ರಾನೂ ಹೇಳ್ಕೊಂಡಿದ್ದೆ ನಾನು."