ವೀರಪ್ಪನ ಮುಖದ ಯಮ

ಜನಪದ ಹಾಡುವ ಮುದುಕಿ ಲಕ್ಕವ್ವನ ಹಾಡಿನಲ್ಲಿ ಯಮನಿಗೆ ಮುಖವೇ ಇಲ್ಲ. ರೊಟ್ಟಿ ಬಡಿಯುತ್ತಿರುವ ಹೆಂಗಸನ್ನು ಒಯ್ಯಲು ಬರುತ್ತಾನೆ, ಬಾಗಿಲಲ್ಲಿ ಕಾಯುತ್ತಾನೆ. ಆದರೆ ಆ ಹಾಡನ್ನು ಗೋಕಾಕದ ಹೊಸ ಜಾನಪದ ಭವನದ ಗೋಡೆಗೆ ಚಿತ್ರವಾಗಿ ಇಳಿಸಿದ ಡ್ರಾಯಿಂಗ್ ಮಾಸ್ತರ ಮಲ್ಲೇಶ, ಯಮನಿಗೆ ಮೂಡಲಗಿಯ ವೀರಪ್ಪನ ಮುಖ ಇಟ್ಟುಬಿಟ್ಟಿದ್ದ. ಅದೇ ಬೋಳು ಹಣೆ, ಅದೇ ಜೋಲು ಮೀಸೆ.

ವೀರಪ್ಪ ಬೋರ್ಡು ಬರೆಯುವವನು. ಹುಕ್ಕೇರಿಯವರೆಗೂ ಅಂಗಡಿ, ಟ್ರ್ಯಾಕ್ಟರು, ಹೊಸ ಮನೆಗಳ ಮೇಲೆ ಅವನದೇ ಅಕ್ಷರ. ಈಗ ಚಹಾದಂಗಡಿಗೆ ಹೋದರೆ, "ಯಮಧರ್ಮ ಬಂದ್ರು, ಜಾಗಾ ಬಿಡ್ರಿ. ಕ್ವಾಣ ಎಲ್ಲಿ ಕಟ್ಟಿ ಬಂದ್ರಿ?" ಎನ್ನುತ್ತಾರೆ. ಹೆರಿಗೆ ದವಾಖಾನೆಯವರಂತೂ, "ತಪ್ಪು ತಿಳಿಬ್ಯಾಡ್ರಿ ಕಾಕಾ, ನಮ್ಮ ಬೋರ್ಡು ನಿಮ್ಮ ಕೈಲೆ ಬ್ಯಾಡ," ಎಂದರು. ಹೀಗೇ ಬಿಟ್ಟರೆ ಕಸುಬೇ ಮುಳುಗುತ್ತದೆ.

ಭವನದ ಉದ್ಘಾಟನೆ ಸೋಮವಾರ. ಭಾನುವಾರ ಮಧ್ಯಾಹ್ನ ಕಾವಲಿನ ಬೀರಸಿದ್ದಪ್ಪ ಉಣ್ಣಲು ಹೋದರೆ ಒಂದು ತಾಸು ಬರುವುದಿಲ್ಲ. ವೀರಪ್ಪ ಅದೇ ದಿನಕ್ಕೆ ದೂರದ ಬೆಲ್ಲದ ಬಾಗೇವಾಡಿಯಲ್ಲಿ ಗೋಡೆ ಬರೆಯುವ ಕೆಲಸ ಹಿಡಿದ. ಏಣಿಯ ಮೇಲೆ ತನ್ನ ಅಂಗಿ, ಕೆಳಗೆ ಚಪ್ಪಲಿ ಬಿಟ್ಟ. ನೋಡಿದವರು ಇಲ್ಲೇ ಇದ್ದಾನೆ ಅನ್ನಬೇಕು. ಬಣ್ಣವನ್ನು ಗುರುತಿಲ್ಲದ ಅಂಗಡಿಯಲ್ಲಿ ಕೊಂಡ. ಕೈಗೆ ಗವಸು, ಮೂಗಿನವರೆಗೆ ಟಾವೆಲ್ಲು ಹಾಕಿ ಗೋಕಾಕದ ಭವನದೊಳಗೆ ನುಸುಳಿದ.

ಅರ್ಧ ತಾಸಿನಲ್ಲಿ ಯಮನಿಗೆ ಗುಂಗುರು ಕೂದಲು ಬಂತು, ಕನ್ನಡಕ ಬಂತು. ಸಾಕ್ಷಾತ್ ಮಲ್ಲೇಶ ಮಾಸ್ತರ. ವೀರಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕೆಲಸ ಸೊಗಸಾಗಿತ್ತು. ಆ ಖುಷಿಯಲ್ಲಿ ಕುಂಚದ ಉಳಿದ ಕೆಲಸವನ್ನು ಕೈ ತಾನಾಗಿಯೇ ಮುಗಿಸಿತು. ನೆಲಕ್ಕೆ ಬಿದ್ದ ಒಂದೇ ಒಂದು ಹನಿಯನ್ನೂ ಒರೆಸಿ ಹೊರಟ.

ಸೋಮವಾರ ಜನರ ಕಣ್ಣೆಲ್ಲ ಯಮನ ಹೊಸ ಮುಖದ ಮೇಲೆ. ಅದರ ಕೆಳಗೆ ಮಲ್ಲೇಶ ಪೆಚ್ಚಾಗಿ ನಿಂತಿದ್ದ. ವೀರಪ್ಪ ಏನೂ ಅರಿಯದವನಂತೆ ಬಂದಾಗ ಲಕ್ಕವ್ವ ಅವನ ಕೈ ಹಿಡಿದುಕೊಂಡಳು.

"ನಿನ್ನ ಮುಖಾ ಬರಿ ಅಂತ ಮಾಸ್ತರಗ ನಾನ ಹೇಳಿದ್ದೆ ತಮ್ಮಾ. ಹಾಡಿನ್ಯಾಗ ಯಮ ಕೆಟ್ಟವ ಅಲ್ಲ. ಕಡೀ ರೊಟ್ಟಿ ಬೇಯೂತನಕ ಆಕಿ ಕೂಸಿನ ತೊಟ್ಟಲಾ ತೂಗತಾನ. ತೀರಿಕೊಂಡ ನಮ್ಮನಿಯವರ ಹೆಸರು ಬಾಗಲಾ ಮ್ಯಾಲ ಮಾಸಿದಾಗೊಮ್ಮೆ, ಕರೀದ ಬಂದು ತಿದ್ದಿ ಹೋಗಾಂವ ನೀ. ಅದಕ್ಕ ನಿನ್ನ ಮುಖಾನ ಬೇಕಾತು."

"ಯಾರು ಮಾಡಿದರೋ ಏನೋ ಯವ್ವಾ..." ಎಂದು ವೀರಪ್ಪ ಅನ್ನುವಷ್ಟರಲ್ಲಿ ಅವನ ಜೇಬಿನ ಫೋನು ರಿಂಗಾಯಿತು. ಎದುರಿಗೆ ಬಂದೋಬಸ್ತಿನ ಹವಾಲ್ದಾರ ಮೊಬೈಲನ್ನು ಕಿವಿಗಿಟ್ಟುಕೊಂಡು, ಚಿತ್ರದ ಕೆಳಮೂಲೆಗೆ ಬಗ್ಗಿ ನಿಂತಿದ್ದ. ಅಲ್ಲಿ, ಮೂವತ್ತು ವರ್ಷಗಳಿಂದ ಬರೆದ ಪ್ರತಿ ಬೋರ್ಡಿನ ಅಡಿಯಲ್ಲಿರುವಂತೆಯೇ, ಹಳದಿ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು ಬರೆದಿತ್ತು: ವೀರಪ್ಪ ಆರ್ಟ್ಸ್, ಮೂಡಲಗಿ. ಅದರ ಮುಂದೆ, ಒಂದೂ ತಪ್ಪಿಲ್ಲದೆ, ಹತ್ತು ಅಂಕಿ.