ಮೂರನೇ ಗೇರು ನಿಲ್ಲುತ್ತಿಲ್ಲ

ಮೊದಲ ಭೇಟಿಯಲ್ಲೇ ಅವಳು ಅವನ ಕೈ ಮೇಲೆ ಕೈಯಿಟ್ಟಳು. ಪ್ರೀತಿಯಿಂದಲ್ಲ, ಮೂರನೇ ಗೇರಿಗಾಗಿ.

ರೇಸ್ ಟ್ರ್ಯಾಕಿನ ಪಕ್ಕದ ಖಾಲಿ ರಸ್ತೆ. ಕಾರು ಅವನದು, ಓಡಿಸುತ್ತಿದ್ದವನೂ ಅವನೇ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದೇ ಕಸುಬಾದ ಅವಳು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಎರಡರಿಂದ ಮೂರಕ್ಕೆ ಹಾಕಿದಾಗಲೆಲ್ಲ ಒಳಗೆ ಕರಕರ ಸದ್ದು. ಎಲ್ಲಿ ತಡೆಯುತ್ತಿದೆ ಎಂದು ತಿಳಿಯಲು ಲಿವರ್ ಮೇಲಿದ್ದ ಅವನ ಕೈಯನ್ನೇ ಹಿಡಿದು ಇನ್ನೊಮ್ಮೆ ಹಾಕಿಸಿದಳು.

ಕೈ ಬೆಚ್ಚಗಿತ್ತು. ಇನ್ನೊಬ್ಬರ ಕೈ ಮುಟ್ಟಿ ಎಷ್ಟು ಕಾಲವಾಯಿತು ಎಂಬ ಯೋಚನೆ ಬೇಡ ಬೇಡವೆಂದರೂ ಬಂತು...

ಅಷ್ಟಕ್ಕೇ ಕರಗುವ ಹೆಣ್ಣಲ್ಲ, ಬಿಡಿ. ಕಣ್ಣು ಬಿಟ್ಟವಳೇ, ಇದು ಊರೊಳಗೆ ಓಡಾಡಲು ಸಾಕು, ಟ್ರ್ಯಾಕಿಗೆ ಸಾಲದು, ಒಳಗಿನ ಗೇರುಗಳ ಸೆಟ್ಟನ್ನೇ ಬದಲಿಸಬೇಕು ಎಂದಳು. ಅವನು ತಲೆಯಾಡಿಸಿದ.

ಅವನು ಹಲ್ಲಿನ ಡಾಕ್ಟರು. ವಾರವಿಡೀ ಹೆದರಿದವರ ಬಾಯಲ್ಲಿ ಮೆಲ್ಲಗೆ ಕೈಯಾಡಿಸುವವನಿಗೆ ಭಾನುವಾರ ಬಂತೆಂದರೆ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹುಚ್ಚು. ಹಲ್ಲು ಬಿಟ್ಟು ಹಲ್ಲು ಹಿಡಿದಿದ್ದೀರಿ ಎಂದು ಅವಳು ಗೇರಿನ ಹಲ್ಲು ತೋರಿಸಿ ಕಿಚಾಯಿಸಿದಾಗ, ನಗಲೋ ಬೇಡವೋ ಎಂಬಂತೆ ನಕ್ಕಿದ್ದ.

ಕಾರು ಅವಳ ಶೆಡ್ಡಿನಲ್ಲಿ ಉಳಿಯಿತು. ಕ್ಲಿನಿಕ್ ಮುಚ್ಚಿ ಅವನು ದಿನವೂ ಬರತೊಡಗಿದ. ಮೂಲೆಯ ಸ್ಟೂಲ್ ಮೇಲೆ ಕೂತು ಟಾರ್ಚ್ ಹಿಡಿಯುತ್ತಿದ್ದ. ಅವಳು ಒಂದೊಂದೇ ಗೇರನ್ನು ಎಣ್ಣೆಯಲ್ಲಿ ಅದ್ದಿ, ಶಾಫ್ಟಿಗೆ ಪೋಣಿಸಿ, ಸಂದು ಅಳೆದು, ಮನಸ್ಸಿಗೆ ಬರದಿದ್ದರೆ ಮತ್ತೆ ಬಿಚ್ಚುತ್ತಿದ್ದಳು. ಅವನು ಒಂದು ದಿನವೂ ಅವಸರ ಮಾಡಲಿಲ್ಲ.

ಅವಳ ಅಪ್ಪ ತೀರಿಹೋದ ಮೇಲೆ ಆ ಶೆಡ್ಡಿನಲ್ಲಿ ಎರಡನೆಯವರ ಉಸಿರು ಕೇಳಿಸಿದ್ದು ಆಗಲೇ. ಕೆಲಸ ಶೆಡ್ಡಿನಲ್ಲಿ, ಮಲಗುವುದು ಅದರ ಮೇಲಿನ ಕೋಣೆಯಲ್ಲಿ, ಊಟ ಕಿಟಕಿಯ ಮುಂದೆ ನಿಂತುಕೊಂಡು. ಕಬ್ಬಿಣದ ಜೊತೆ ಎಷ್ಟು ದಿನ ಅಂತ ಮಾತಾಡ್ತೀಯೇ ಎಂದು ಅಕ್ಕ ಫೋನಿನಲ್ಲಿ ರೇಗುತ್ತಿದ್ದಳು. ಕಬ್ಬಿಣ ತಿರುಗಿ ಮಾತಾಡಲ್ಲವಲ್ಲ, ಅದೇ ಸುಖ ಎಂದು ಇವಳು ಜಂಬ ಕೊಚ್ಚುತ್ತಿದ್ದಳು. ಈಗ ಆ ಜಂಬ ಸುಳ್ಳೆಂದು ಅವಳಿಗೇ ಗೊತ್ತಾಗುತ್ತಿತ್ತು.

ಕೆಲಸ ಮುಗಿದ ದಿನ ಅವಳು ಅವನಿಗೆ ಬಿಡಿಸಿ ಹೇಳಿದಳು. ಮಾಮೂಲಿ ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಬಳೆಗಳಿರುತ್ತವೆ. ಗೇರುಗಳ ವೇಗವನ್ನು ಹೊಂದಿಸಿ, ಪುಸಲಾಯಿಸಿ, ಆಮೇಲೆ ಕೂಡಿಸುತ್ತವೆ. ಈ ಹೊಸದರಲ್ಲಿ ಅವು ಇಲ್ಲ. ಉಕ್ಕಿನ ಹಲ್ಲು ನೇರವಾಗಿ ಉಕ್ಕಿನ ಹಲ್ಲಿಗೆ ಕಚ್ಚಿಕೊಳ್ಳಬೇಕು.

"ಲಿವರ್ ತಳ್ಳಬೇಡಿ, ಹೊಡೀರಿ. ಮೆಲ್ಲಗೆ ಹಾಕಿದ್ರೆ ಹಲ್ಲಿನ ಅಂಚು ಸವೆದು ಗೇರು ಹಾರುತ್ತೆ. ದಯೆ ದಾಕ್ಷಿಣ್ಯ ಬೇಡ."

ಅವನು ಹೂಂಗುಟ್ಟಿ ಹೊರಟುಹೋದ. ಮರುದಿನ ಸಂಜೆ ಅವಳು ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿದಳು. ಒಂದನ್ನು ಕುಡಿದು, ಇನ್ನೊಂದನ್ನು ಆರುವವರೆಗೂ ನೋಡುತ್ತಾ ಕೂತಳು. ಇನ್ನು ಯಾವ ನೆಪಕ್ಕೆ ಬಂದಾನು?

ಆದರೆ ಕೆಲವೇ ವಾರಗಳಲ್ಲಿ ಅವನು ಬಂದ, ಮುಖ ಸಣ್ಣದು ಮಾಡಿಕೊಂಡು. ಮೂರನೇ ಗೇರು ನಿಲ್ಲುತ್ತಿಲ್ಲ, ತಿರುವಿನಲ್ಲಿ ತಾನಾಗಿಯೇ ಹಾರಿ ಬರುತ್ತದೆ ಎಂದ.

"ನಾನು ಹೇಳಿದ ಹಾಗೇ ಓಡಿಸಿದ್ರಾ?"

ಅವನು ಒಂದು ಕ್ಷಣ ನೆಲ ನೋಡಿದ. "ಹೂಂ."

ಓಡಿಸಿದ್ದು ಸರಿಯಿದ್ದರೆ ತಪ್ಪು ಕೂಡಿಸಿದವಳದೇ. ಕೂಡಿಸುವಾಗ ತನ್ನ ಗಮನ ಗೇರಿಗಿಂತ ಸ್ಟೂಲಿನ ಕಡೆಗೇ ಇತ್ತಲ್ಲ! ಮನಸ್ಸು ಕೊಟ್ಟು ಕೆಲಸ ಕೆಡಿಸಿಕೊಂಡೆ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

"ಹಾಗಾದ್ರೆ ನನ್ನ ಕೈಲಾಗಲ್ಲ. ಬೇರೆಯವರ ಹತ್ರ ಮಾಡಿಸ್ಕೊಳ್ಳಿ. ಮತ್ತೆ ದಿನಾ ಬಂದು ಕೂರೋದೂ ಬೇಡ."

ಅವನು ಕೀಲಿಯನ್ನು ಮೇಜಿನ ಮೇಲಿಟ್ಟು, ಕಾರು ಅಲ್ಲೇ ಬಿಟ್ಟು, ನಡೆದೇ ಹೋದ.

ಆ ಕಾರು ಶೆಡ್ಡಿನ ಮಧ್ಯೆ ಹಾಗೇ ನಿಂತಿತು. ಬಿಚ್ಚಿ ನೋಡಲು ಅವಳಿಗೆ ಧೈರ್ಯವಿಲ್ಲ. ಒಳಗೆ ತನ್ನ ತಪ್ಪು ಕಂಡರೆ ಕೆಲಸವೂ ಹೋಯಿತು, ಅವನೂ ಹೋದ, ಇನ್ನೇನು ಉಳಿಯಿತು? ಸಂಜೆ ಮೆಷಿನ್ನುಗಳು ನಿಂತರೆ ಕಿವಿಯೊಳಗೆ ಗುಂಯ್ ಎನ್ನುವಷ್ಟು ಮೌನ. ರೇಡಿಯೋ ಹಾಕುವಳು, ಯಾರದೋ ನಗು ಕೇಳಲಾರದೆ ಆರಿಸುವಳು. ಹೀಗೇ ಮುದುಕಿಯಾಗುತ್ತೇನೆ ಎಂದು ಒಂದು ಸಂಜೆ ಗಟ್ಟಿಯಾಗಿಯೇ ಹೇಳಿಕೊಂಡಳು. ಆ ಮಾತಿಗೆ ತಾನೇ ಬೆಚ್ಚಿದಳು.

ಮರುದಿನ ಬೆಳಿಗ್ಗೆ ಏನಾದರಾಗಲಿ ಎಂದು ಬಿಚ್ಚಿದಳು.

ಸಂದುಗಳೆಲ್ಲ ಅವಳು ಬಿಟ್ಟ ಹಾಗೆಯೇ ಇದ್ದವು. ಕೂಡಿಸಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಮೂರನೇ ಗೇರಿನ ಹಲ್ಲುಗಳ ಅಂಚು ಬಳಸಿದ ಸೋಪಿನಂತೆ ದುಂಡಗಾಗಿತ್ತು. ಹೊಡೆದರೆ ಹೀಗಾಗುವುದಿಲ್ಲ. ಈ ಮನುಷ್ಯ ಒಂದು ಸಲವೂ ಹೊಡೆದಿಲ್ಲ!

ಸದ್ಯ, ಬದುಕಿದೆ ಎನಿಸಿತು, ಹಿಂದೆಯೇ ಮೈಯುರಿಯಿತು. ಹಾಗಾದರೆ ಸುಳ್ಳು ಯಾಕೆ ಹೇಳಿದ? ಗೇರನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೈಯ ಗ್ರೀಸ್ ಕೂಡ ತೊಳೆಯದೆ ಕ್ಲಿನಿಕ್ಕಿಗೆ ನಡೆದಳು. ದವಡೆ ಹಿಡಿದುಕೊಂಡವರ ಸಾಲಿನಲ್ಲಿ ಕೂತು ತನ್ನ ಸರದಿ ಕಾದಳು.

ಒಳಗೆ ಹೋಗಿ ರೋಗಿಯ ಕುರ್ಚಿಯಲ್ಲೇ ಕೂತಳು. ಗೇರನ್ನು ಅವನ ಟ್ರೇ ಮೇಲಿಟ್ಟಳು. ಅವನು ಅದನ್ನು ನೋಡಿ ಮಾಸ್ಕ್ ಕೆಳಗಿಳಿಸಿದ.

"ಹೊಡೀರಿ ಅಂತ ಹೇಳಿದ್ನಲ್ಲ."

"ಹೇಳಿದ್ರಿ." ಅವನ ದನಿ ಕ್ಷೀಣವಾಗಿತ್ತು. "ಇದನ್ನ ನೀವು ಕೂಡಿಸೋದನ್ನ ದಿನಾ ನೋಡಿದೀನಿ. ಎಷ್ಟು ಸಲ ಬಿಚ್ಚಿದ್ರಿ, ಎಷ್ಟು ಸಲ ಒರೆಸಿದ್ರಿ... ಹೊಡೆಯೋಕೆ ಕೈಯೇ ಬರ್ಲಿಲ್ಲ."

"ಅದನ್ನ ಅವತ್ತೇ ಹೇಳೋಕೇನಾಗಿತ್ತು?"

"ಅದು ಹೇಳಿದ್ರೆ ಉಳಿದಿದ್ದೂ ಹೇಳ್ಬೇಕಾಗಿತ್ತು. ಹೆದರಿದೆ."

ಇಷ್ಟು ದಿನ ತನ್ನ ಕೈತಪ್ಪೆಂದು ಕೊರಗಿದ್ದು ಇದಕ್ಕಾ? "ಈಗ ಹೇಳಿ," ಎಂದಳು.

"ನೀವಂದ್ರೆ ನನಗೆ ತುಂಬಾ ಇಷ್ಟ. ಆ ಶೆಡ್ಡಿನಿಂದ ಮನೆಗೆ ಹೋಗೋದೇ ಕಷ್ಟ ಆಗ್ತಿತ್ತು."

ಅವಳು ಕಣ್ಣೊರೆಸಿಕೊಂಡರೆ ಕೆನ್ನೆಗೆ ಗ್ರೀಸ್ ಹತ್ತಿತು. ಅವನು ಹತ್ತಿಯಿಂದ ಮೆಲ್ಲಗೆ ಒರೆಸಿದ. ಈ ಸಲ ಮೆಲ್ಲಗೆಯೇ ಸರಿಯೆನಿಸಿತು ಅವಳಿಗೆ.

"ಇವತ್ತು ಕ್ಲಿನಿಕ್ ಮುಚ್ಚಿ ಬನ್ನಿ," ಎಂದಳು. "ಒಬ್ಬಳೇ ಊಟ ಮಾಡಿ ಸಾಕಾಗಿದೆ ನನಗೆ. ಊಟ ಮಾಡ್ಕೊಂಡು ಹೋಗಿ."

"ಹೋಗ್ಲೇಬೇಕಾ?"

"ಅದನ್ನ ಊಟ ಆದ್ಮೇಲೆ ಹೇಳ್ತೀನಿ."